ಶಸ್ತ್ರಕ್ಕೆ ಮುಂಚಿನ ಪಥ್ಯ

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಕೇಳದೆ ಬೆಳೆದವರು ಕನ್ನಡನಾಡಿನಲ್ಲಿ ವಿರಳ. ಹಿರಿಯರ ಅನುಭವದಿಂದ ಹುಟ್ಟಿದ ಮಾತು ಅದು. ಆದರೆ ಸ್ಥೂಲಕಾಯದಿಂದ ನರಳುವವರ ಪಾಲಿಗೆ ಅದೇ ಗಾದೆ ಚುಚ್ಚುಮಾತಾಗಿ ಪರಿಣಮಿಸುವುದುಂಟು. ಮೈ ಬೆಳೆದದ್ದಕ್ಕೆ ಬಾಯಿಚಪಲವೊಂದೇ ಕಾರಣವೆಂದು ಲೋಕ ಬಹುಬೇಗ ತೀರ್ಪು ಕೊಟ್ಟುಬಿಡುತ್ತದೆ. ವಂಶದ ಗುಣ, ಹಾರ್ಮೋನುಗಳ ಏರುಪೇರು, ನಿದ್ರಾಭಂಗ, ಕೆಲವು ಔಷಧಗಳು, ಮನಸ್ಸಿನ ಬೇಗೆ, ಇವೆಲ್ಲವೂ ಅದರಲ್ಲಿ ಪಾಲುಗೊಂಡಿರುತ್ತವೆಂಬುದನ್ನು ಅರಿತವರು ಕಡಮೆ.

ಬೆಂಗಳೂರಿನ ಒಬ್ಬ ಗೃಹಿಣಿ. ವಯಸ್ಸು 42, ಎತ್ತರ 155 ಸೆಂಟಿಮೀಟರು, ತೂಕ 98 ಕಿಲೋಗ್ರಾಂ. ಹಲವು ವರ್ಷಗಳಿಂದ ಮಧುಮೇಹ. ಮಹಡಿಯ ಮೆಟ್ಟಿಲು ಹತ್ತಿದರೆ ಏದುಸಿರು. ಆಕೆ ಮಾಡದ ಪಥ್ಯವಿಲ್ಲ. ಜೀರಿಗೆ ನೀರು, ಒಪ್ಪೊತ್ತು, ಮುಂಜಾನೆಯ ನಡಿಗೆ, ಎಲ್ಲವೂ ಆಗಿದ್ದವು. ಇಳಿದ ಹತ್ತು ಕಿಲೋ ಮರುವರ್ಷ ಹನ್ನೆರಡಾಗಿ ಮರಳುತ್ತಿತ್ತು. ಕೊನೆಗೆ ವೈದ್ಯರು ಜಠರದ ಶಸ್ತ್ರಚಿಕಿತ್ಸೆಯ ಮಾತೆತ್ತಿದಾಗ ಆಕೆಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ನಾಲಗೆಯನ್ನು ಗೆಲ್ಲಲಾರದೆ ಕತ್ತಿಯ ಮೊರೆಹೊಕ್ಕಂತಾಯಿತಲ್ಲ ಎಂಬ ನಾಚಿಕೆ!

“ನೋಡಮ್ಮ, ದೇವರು ಕೊಟ್ಟ ಹೊಟ್ಟೆಯನ್ನು ಕೊಯ್ಯಿಸಿಕೊಳ್ಳುವ ಹುಚ್ಚೇಕೆ? ಎರಡು ತುತ್ತು ಕಡಮೆ ಉಂಡರೆ ಸಾಲದೆ?” ಎಂದರು ಅತ್ತೆ.

ಈ ಚಿಕಿತ್ಸೆ ಇಂದು ನಿನ್ನೆಯದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾಕ್ಟರ್ ಎಡ್ವರ್ಡ್ ಮೇಸನ್ 1966ರಲ್ಲಿ, ಜಠರದ ಬಹುಭಾಗವನ್ನು ಬದಿಗಿರಿಸಿ ಆಹಾರವನ್ನು ಸಣ್ಣಕರುಳಿಗೆ ಹಾಯಿಸುವ ವಿಧಾನವನ್ನು ಆರಂಭಿಸಿದರು. ಈಗ ಹೆಚ್ಚು ರೂಢಿಯಲ್ಲಿರುವ ಇನ್ನೊಂದು ಕ್ರಮದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಬಾಳೆಕಾಯಿಯಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಹಸಿವನ್ನು ಕೆರಳಿಸುವ ಒಂದು ಹಾರ್ಮೋನಿನ ಮುಖ್ಯ ನೆಲೆಯೂ ಅದರೊಂದಿಗೆ ಹೋಗುತ್ತದೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸೂಚ್ಯಂಕವು 40ನ್ನು ಮುಟ್ಟಿದವರಿಗೆ, ಅಥವಾ ಮಧುಮೇಹದಂಥ ರೋಗಗಳಿದ್ದು 35ನ್ನು ಮುಟ್ಟಿದವರಿಗೆ ಇದು ಯೋಗ್ಯವೆಂದು 1991ರಲ್ಲಿ ಅಮೆರಿಕದ ತಜ್ಞರು ಹೇಳಿದ್ದರು. 2022ರಲ್ಲಿ ಈ ಮಿತಿಯನ್ನು ತಗ್ಗಿಸಲಾಯಿತು. ಏಷ್ಯಾದವರಿಗೆ ಇನ್ನೂ ಕೆಳಗಿನ ಮಿತಿ ಸಲ್ಲುತ್ತದೆ. ಈ ಗೃಹಿಣಿಯ ಅಂಕ ಸುಮಾರು 41.

ಒಪ್ಪಿಗೆಯಿತ್ತರೆ ಮರುವಾರವೇ ಶಸ್ತ್ರಚಿಕಿತ್ಸೆಯೆಂದು ಆಕೆ ಭಾವಿಸಿದ್ದಳು. ಆದರೆ ಪರೀಕ್ಷೆಗಳ ಸಾಲೇ ಕಾದಿತ್ತು. ಹೃದಯ, ಶ್ವಾಸಕೋಶ, ಥೈರಾಯಿಡು, ರಕ್ತದ ಸಕ್ಕರೆ, ಬಿ12 ಜೀವಸತ್ವ, ಕಬ್ಬಿಣ. ಬಾಯಿಯ ಮೂಲಕ ಕೊಳವೆಯನ್ನಿಳಿಸಿ ಜಠರದ ಒಳಗನ್ನು ನೋಡುವ ಪರೀಕ್ಷೆ. ರಾತ್ರಿಯ ಗೊರಕೆಯನ್ನೂ ಯಂತ್ರದಿಂದ ಅಳೆದರು. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಅರಿವಳಿಕೆ ಕೊಡುವಾಗ ವಿಶೇಷ ಎಚ್ಚರ ಬೇಕು.

ಪಥ್ಯತಜ್ಞೆ ಕೊಟ್ಟದ್ದು ಒಂದು ನೋಟ್‌ಬುಕ್ಕು. ತಿಂದುದನ್ನೆಲ್ಲ, ತಿಂದ ಹೊತ್ತಿನೊಂದಿಗೆ, ಅದರಲ್ಲಿ ಬರೆಯಬೇಕು. ಹದಿನೈದು ದಿನಗಳಾದ ಮೇಲೆ ಅದನ್ನು ತಿರುವಿಹಾಕಿದಾಗ ಆಕೆಗೇ ಬೆರಗು. ಮೂರು ಹೊತ್ತಿನ ಊಟ ಮಿತವಾಗಿಯೇ ಇತ್ತು. ಆದರೆ ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಪಾತ್ರೆಯ ತಳದಲ್ಲಿ ಉಳಿದದ್ದು, ಅನ್ನ ಚೆಲ್ಲಬಾರದೆಂದು ನಿಂತಲ್ಲೇ ಬಾಯಿಗೆ ಹಾಕಿಕೊಂಡದ್ದು, ಇದೇ ಇನ್ನೊಂದು ಊಟವಾಗಿತ್ತು. “ಹಸಿವಿಲ್ಲದೆ ತಿನ್ನುವುದು ಯಾವಾಗ?” ಎಂದು ಮನೋವೈದ್ಯರು ಕೇಳಿದರು. “ಎಲ್ಲರೂ ಮಲಗಿದ ಮೇಲೆ, ಆ ಹೊತ್ತೊಂದೇ ನನ್ನದು,” ಎಂದಳು ಆಕೆ. ಕತ್ತಿ ಜಠರವನ್ನು ಕಿರಿದುಮಾಡಬಲ್ಲದು, ಆ ಹೊತ್ತಿಗೆ ಬೇರೊಂದು ಆಸರೆಯನ್ನು ಆಕೆಯೇ ಹುಡುಕಿಕೊಳ್ಳಬೇಕು ಎಂದು ಅವರು ತಿಳಿಸಿದರು.

ಕೊನೆಯ ಎರಡು ವಾರ ಕಠಿಣ ಪಥ್ಯ. ದಿನಕ್ಕೆ 800ರಿಂದ 1000 ಕ್ಯಾಲೊರಿ ಮಾತ್ರ. ಕೆನೆ ತೆಗೆದ ಹಾಲಿನಲ್ಲಿ ಪ್ರೋಟೀನ್ ಪುಡಿ, ಮಜ್ಜಿಗೆ, ತಿಳಿಸಾರು, ಬೇಯಿಸಿದ ತರಕಾರಿ. ಇದಕ್ಕೆ ಕಾರಣವಿದೆ. ಕೊಬ್ಬು ತುಂಬಿ ಉಬ್ಬಿದ ಯಕೃತ್ತು ಜಠರವನ್ನು ಮುಚ್ಚಿಕೊಂಡಿರುತ್ತದೆ; ಪಥ್ಯದಿಂದ ಅದು ಕುಗ್ಗಿದರೆ ಸಣ್ಣ ರಂಧ್ರಗಳ ಮೂಲಕ ಉಪಕರಣಗಳನ್ನಾಡಿಸುವ ಶಸ್ತ್ರವೈದ್ಯರಿಗೆ ದಾರಿ ಸುಗಮ. ಮಧುಮೇಹದ ಔಷಧವನ್ನು ವೈದ್ಯರೇ ತಗ್ಗಿಸಿದರು. ಇಂಥ ಪಥ್ಯವನ್ನು ತಾವಾಗಿಯೇ ಕೈಗೊಳ್ಳುವುದು ಅಪಾಯಕರ.

ಆ ದಿನಗಳಲ್ಲೇ ಗಣೇಶನ ಚೌತಿ ಬಂತು. ಮನೆಮಂದಿಗೆಲ್ಲ ಕಡುಬು ಮಾಡಿ ಬಡಿಸಿದವಳು ತಾನು ಮಜ್ಜಿಗೆ ಕುಡಿದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗಿ ಕಡುಬಿನ ಡಬ್ಬಿಯನ್ನು ತೆರೆದಳು. ಬಹಳ ಹೊತ್ತು ಹಾಗೆಯೇ ನಿಂತಿದ್ದು, ಮುಚ್ಚಳ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದಳು: “ಹನ್ನೊಂದೂವರೆ. ಹಸಿವಿಲ್ಲ.” ನೀರು ಕುಡಿಯಲು ಬಂದ ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದರು. ಏನೂ ಆಡಲಿಲ್ಲ.

ಎರಡು ವಾರಗಳಲ್ಲಿ ನಾಲ್ಕು ಕಿಲೋ ಇಳಿಯಿತು. ಇಷ್ಟು ಸಾಧ್ಯವಾದ ಮೇಲೆ ಶಸ್ತ್ರವೇಕೆ ಎಂಬ ಸಂದೇಹ ಸಹಜ. ವೈದ್ಯರು ಬಿಡಿಸಿ ಹೇಳಿದರು: ತೂಕ ಇಳಿದಾಗ ದೇಹವು ಅದನ್ನು ಬರಗಾಲವೆಂದು ಬಗೆದು ಹಸಿವನ್ನು ಹೆಚ್ಚಿಸುತ್ತದೆ, ಶಕ್ತಿಯ ವ್ಯಯವನ್ನು ತಗ್ಗಿಸುತ್ತದೆ. ಹತ್ತು ಕಿಲೋ ಹನ್ನೆರಡಾಗಿ ಮರಳಿದ್ದರ ಗುಟ್ಟು ಇದೇ. ಈಚೆಗೆ ಬಂದಿರುವ ಚುಚ್ಚುಮದ್ದುಗಳೂ ಕೆಲವರಿಗೆ ನೆರವಾಗುತ್ತವೆ, ಆದರೆ ನಿಲ್ಲಿಸಿದರೆ ತೂಕ ಮರಳುವುದೇ ಹೆಚ್ಚು. ಶಸ್ತ್ರಚಿಕಿತ್ಸೆಯಲ್ಲಿಯೂ ಹೊಲಿಗೆ ಸೋರುವುದು, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳು ವಿರಳವಾದರೂ ಇಲ್ಲದಿಲ್ಲ. ಜೀವಸತ್ವದ ಗುಳಿಗೆಗಳು ಜೀವನಪರ್ಯಂತ ತಪ್ಪುವುದಿಲ್ಲ. ಇದೆಲ್ಲವನ್ನೂ ಕೇಳಿ ತಿಳಿದ ಮೇಲೆಯೇ ಆಕೆ ಸಹಿ ಹಾಕಿದಳು. ನಾಚಿಕೆ ಆ ವೇಳೆಗೆ ಬಹುಮಟ್ಟಿಗೆ ಕರಗಿತ್ತು.

ತುತ್ತನ್ನು ನಿಧಾನವಾಗಿ ಅಗಿಯುವುದು, ಊಟದೊಂದಿಗೆ ನೀರು ಕುಡಿಯದಿರುವುದು, ಸಣ್ಣ ಚಮಚದಲ್ಲಿ ಉಣ್ಣುವುದು, ಇವನ್ನು ಆಕೆ ಮೊದಲೇ ಅಭ್ಯಾಸಮಾಡಿಕೊಂಡಳು. ಮನೆಯೂ ಅಭ್ಯಾಸಮಾಡಿಕೊಳ್ಳಬೇಕಾಗಿತ್ತು. ‘ಇನ್ನೊಂದು ಸೌಟು’ ಎಂಬುದು ಪ್ರೀತಿಯ ಮಾತಾಗಿದ್ದ ಮನೆ ಅದು.

ಆಸ್ಪತ್ರೆಗೆ ಹೊರಡುವ ಹಿಂದಿನ ಸಂಜೆ ಅತ್ತೆ ಮೊಮ್ಮಕ್ಕಳನ್ನು ಕರೆದು, “ಬೇಕಾದಷ್ಟೇ ಬಡಿಸಿಕೊಳ್ಳಿ, ತಟ್ಟೆಯಲ್ಲಿ ಬಿಟ್ಟರೆ ಇನ್ನು ತಿನ್ನುವವರಿಲ್ಲ,” ಎಂದರು. ಅನಂತರ ಸೊಸೆಯ ಬಳಿ ಕುಳಿತು, “ಮೊದಲ ವಾರ ನಿನಗೆ ಏನೇನು ಕೊಡಬೇಕೆಂದು ಆ ನೋಟ್‌ಬುಕ್ಕಿನಲ್ಲಿ ಬರೆದಿಡಮ್ಮ. ಕಣ್ಣು ಮಂಜು, ಅಕ್ಷರ ದಪ್ಪಗಿರಲಿ,” ಎಂದರು.