ಚಟ್ನಿಪುಡಿಗೆ ಜೊತೆಯಾದ ಕೆಂಪು ವೈನ್

ಪ್ರಾಜೆಕ್ಟ್ ಅಂತ ಮೂರು ತಿಂಗಳು ಫ್ರಾನ್ಸಿನ ಲಿಯಾನ್‌ನಲ್ಲಿದ್ದೆ. ಹಂದಿಮಾಂಸ, ಸಾಸೇಜು, ಕರುಳಿನ ಅಡುಗೆಗೇ ಹೆಸರಾದ ಊರು. ನಾನೋ ಪಕ್ಕಾ ಪುಳಿಚಾರು. ಮೊದಲೆರಡು ವಾರ ಟೀಮ್ ಡಿನ್ನರ್ ಅಂದ್ರೆ ಸಾಕು, ಹೊಟ್ಟೆ ಸರಿಯಿಲ್ಲ ಅಂತ ರೂಮಿಗೆ ಬಂದು ಚಿತ್ರಾನ್ನ ಕಲಸಿಕೊಳ್ತಿದ್ದೆ. ಮೂರನೇ ವಾರ ಅವರು ಕರೆಯೋದನ್ನೇ ಬಿಟ್ಟರು. ಅದು ಚುಚ್ಚಿತು. ಮೀಟಿಂಗಿನಲ್ಲಿ ಬಗೆಹರಿಯದ್ದು ಅಲ್ಲಿ ಊಟದ ಮೇಜಿನಲ್ಲಿ ಬಗೆಹರಿಯುತ್ತೆ, ಆ ಮೇಜಿನಲ್ಲಿ ನಾನೇ ಇಲ್ಲ.

ನಾಲ್ಕನೇ ವಾರ ನಾನೇ ಕೇಳಿಕೊಂಡು ಹೋದೆ. ಬುಶೋನ್ ಅಂತಾರೆ, ಲಿಯಾನಿನ ಸಾಂಪ್ರದಾಯಿಕ ಪುಟ್ಟ ಊಟದ ಹೋಟೆಲು. ಮೆನುವಿನಲ್ಲಿ 'ಸೆರ್ವೆಲ್ ದ ಕನ್ಯು' ಅಂತಿತ್ತು. ಫೋನಿನಲ್ಲಿ ಅರ್ಥ ನೋಡಿದರೆ 'ರೇಷ್ಮೆ ನೇಕಾರನ ಮೆದುಳು'! ಎದ್ದು ಹೋಗೋದೊಂದೇ ಬಾಕಿ. ಎದುರಿಗಿದ್ದ ಸಹೋದ್ಯೋಗಿ ನಕ್ಕು, ಅದು ಬರೀ ಹೆಸರು ಅಂದ. ಹಸಿ ಚೀಸಿಗೆ ಸಣ್ಣೀರುಳ್ಳಿ, ಸೊಪ್ಪು, ಎಣ್ಣೆ ಕಲಸಿದ್ದಷ್ಟೇ. ನಮ್ಮ ಮೊಸರುಬಜ್ಜಿಯ ದೂರದ ನೆಂಟ ಅನ್ನಿ. ಅದರ ಜೊತೆಗೆ ಬಂದದ್ದು ದಪ್ಪ ತಳದ, 46 ಸೆಂಟಿಲೀಟರಿನ ಬಾಟಲಿಯಲ್ಲಿ ಬೋಜೊಲೆ. ಲಿಯಾನಿಗೆ ಮೂರು ನದಿ, ರೋನ್, ಸೋನ್ ಮತ್ತು ಬೋಜೊಲೆ ಅನ್ನೋದು ಅಲ್ಲಿಯವರ ಹಳೇ ಜೋಕು.

ಗಮೆ ಅನ್ನೋ ದ್ರಾಕ್ಷಿಯ ವೈನ್ ಇದು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಇದು ನಂಬಿಕೆಗೆ ಅರ್ಹವಲ್ಲದ ಕೆಟ್ಟ ಬಳ್ಳಿ, ಕಿತ್ತು ಹಾಕಿ ಅಂತ ಆಜ್ಞೆ ಹೊರಡಿಸಿದ್ದ. ಬಳ್ಳಿ ಮಾತ್ರ ದಕ್ಷಿಣದ ಬೋಜೊಲೆ ಗುಡ್ಡಗಳ ಗ್ರಾನೈಟ್ ನೆಲದಲ್ಲಿ ಹಾಯಾಗಿ ಬೇರುಬಿಟ್ಟಿತು. (ಮ್ಯಾನೇಜರ್ ಬೇಡ ಅಂದದ್ದು ಪಕ್ಕದ ಟೀಮಿನಲ್ಲಿ ಸ್ಟಾರ್ ಆಗೋದು ಹೊಸದೇನಲ್ಲ ಬಿಡಿ.)

ಅಲ್ಲಿ ದ್ರಾಕ್ಷಿಯನ್ನು ಜಜ್ಜದೆ, ಗೊಂಚಲು ಗೊಂಚಲಾಗಿ ತೊಟ್ಟಿಗೆ ಸುರೀತಾರೆ. ತಳದ ಹಣ್ಣು ಭಾರಕ್ಕೆ ಒಡೆದು ಹುದುಗುತ್ತೆ, ಕಾರ್ಬನ್ ಡೈ ಆಕ್ಸೈಡ್ ಮೇಲಕ್ಕೆ ತುಂಬಿಕೊಳ್ಳುತ್ತೆ. ಆಗ ಮೇಲಿನ ಇಡೀ ಹಣ್ಣುಗಳ ಒಳಗೇ ಹುದುಗು ಶುರು. ಸಿಪ್ಪೆ, ಬೀಜದ ಒಗರು ಕಡಿಮೆ ಇಳಿಯೋದರಿಂದ ವೈನು ಹಗುರ, ಹುಳಿ ಚುರುಕು, ಚೆರ್ರಿ ಹಣ್ಣಿನ ಘಮ.

ಈ ಒಗರಿನ ಮಹತ್ವ ಗೊತ್ತಾಗಿದ್ದು ಅದೇ ಸಹೋದ್ಯೋಗಿ ನನ್ನ ರೂಮಿಗೆ ಊಟಕ್ಕೆ ಬಂದಾಗ. ಅವನು ತಂದದ್ದು ಕಾವೋರ್, ಕಪ್ಪಗೆ ಗಟ್ಟಿಯಾದ ಮಾಲ್ಬೆಕ್. ನಾನು ಬಡಿಸಿದ್ದು ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ, ತುಪ್ಪ, ಬಿಸಿ ಅನ್ನ. ಒಂದು ಗುಟುಕಿಗೇ ಅವನ ಕಿವಿ ಕೆಂಪಾಯ್ತು. ಮೆಣಸಿನ ಉರಿಗೆ ಆಲ್ಕೋಹಾಲ್ ಬೆಂಕಿ ಹಚ್ಚುತ್ತೆ, ಒಗರು ಅದನ್ನು ಒರಟು ಮಾಡುತ್ತೆ. ಪಾಪ, ಬ್ರೆಡ್ಡು ಹುಡುಕಿಕೊಂಡು ಓಡಾಡಿದ.

ಮುಂದಿನ ಶುಕ್ರವಾರ ಫ್ಲರಿ ತಂದ. ಬೋಜೊಲೆಯ ಹತ್ತು 'ಕ್ರೂ' ಊರುಗಳಲ್ಲಿ ಒಂದು, ಹೂವಿನ ಘಮಕ್ಕೆ ಹೆಸರಾದದ್ದು. ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕುಡಿದ್ವಿ. ಕೆಂಪು ವೈನನ್ನು ತಣ್ಣಗೆ ಮಾಡಬಾರದು ಅನ್ನೋ ಮಾತು ಇದಕ್ಕೆ ಅನ್ವಯಿಸಲ್ಲ. 13 ಡಿಗ್ರಿ ಆಸುಪಾಸಿನಲ್ಲೇ ಇದರ ಚೆಲುವು. ಚಟ್ನಿಪುಡಿ ಈ ಸಲ ಜಗಳ ತೆಗೀಲಿಲ್ಲ. ಅಣಬೆ ಪಲ್ಯಕ್ಕಂತೂ ಹೇಳಿ ಮಾಡಿಸಿದ ಜೋಡಿ. ಆಲೂಗಡ್ಡೆ, ಕೆನೆ ಹಾಕಿ ಬೇಯಿಸುವ ಗ್ರಾತಾಂಗೆ ಮಾತ್ರ ಗಟ್ಟಿಮುಟ್ಟಾದ ಮೊರ್ಗಾನ್ ಇರಲಿ. ಹುಣಸೆಹುಳಿ ಮುಂದಾದ ಸಾರಿನ ಜೊತೆ ಯಾವುದೂ ಬೇಡ, ನೀರೇ ವಾಸಿ. ನವೆಂಬರಿನ ಮೂರನೇ ಗುರುವಾರ ಬಿಡುಗಡೆಯಾಗುವ 'ನುವೋ' ನನಗಂತೂ ಬಾಳೆಹಣ್ಣಿನ ಪೆಪ್ಪರ್‌ಮಿಂಟ್.

ನನ್ನಂಥವರಿಗೆ ಇನ್ನೊಂದು ವಿಷಯ. ಕೆಲವು ವೈನುಗಳನ್ನು ಮೊಟ್ಟೆಯ ಬಿಳಿ ಅಥವಾ ಜೆಲಾಟಿನ್ ಹಾಕಿ ತಿಳಿಗೊಳಿಸ್ತಾರೆ. ಬಾಟಲಿ ಮೇಲೆ 'ವೀಗನ್' ಇದೆಯಾ ನೋಡಿ. ನಾನು ಅಂಗಡಿಯಲ್ಲಿ ಕೇಳೋಕೆ ನಾಚಿಕೊಂಡಾಗ ನನ್ನ ಪರವಾಗಿ ಕೇಳಿದವನು ಅವನೇ.

ವಾಪಸ್ ಬರುವಾಗ ಚಟ್ನಿಪುಡಿ ಡಬ್ಬಿ ಅವನಿಗೇ ಬಿಟ್ಟು ಬಂದೆ. ಮೊನ್ನೆ ಮೆಸೇಜ್ ಹಾಕಿದ್ದ: ಖಾಲಿ ಆಯ್ತು, ನಿಮ್ಮಮ್ಮ ರೆಸಿಪಿ ಕೊಡ್ತಾರಾ? ಅಮ್ಮನಿಗೆ ಹೇಳಿದೆ. 'ಯಾತಕ್ಕೆ ನೆಂಚಿಕೊಳ್ತಾನೆ ಅದನ್ನ?' ಅಂತ ಕೇಳಿದರು. ಅನ್ನಕ್ಕೆ ಅಂದಿದ್ದೀನಿ.