ಗಂಡ ಒಂದು ಸಾಲಲ್ಲಿ, ಹೆಂಡತಿ ಇನ್ನೊಂದು ಸಾಲಲ್ಲಿ

ಪರಿಗಿಯಲ್ಲಿ ಯಾರಾದರೂ ವೀಸಾ ಕಷ್ಟ ಹೇಳಿಕೊಂಡರೆ ಅರಳಿಕಟ್ಟೆಯ ತೀರ್ಪು ಒಂದೇ: "ಹೊಟ್ಟೆ ತುಂಬಿದವರ ತಾಪತ್ರಯ ಬಿಡ್ರೀ ಅದು." ಮೇಷ್ಟ್ರುಗಳೂ ಹೀಗೇ ಅಂತಾರೆ. ನಾನು ಒಪ್ಪುವುದಿಲ್ಲ. ನಮ್ಮ ಮಕ್ಕಳು ಬೆಂಗಳೂರು ದಾಟಿ ಎಷ್ಟೋ ವರ್ಷವಾಯಿತು. ಒಬ್ಬಳು ನರ್ಸು, ಒಬ್ಬ ಕಂಪ್ಯೂಟರಿನವನು, ಇನ್ನೊಬ್ಬ ಸಾಲ ಮಾಡಿ ಓದಲು ಹೋದವನು. ಹೋದ ಕಡೆ ಮನಸ್ಸು ಕೂಡಿದರೆ ಮದುವೆಯೂ ಆಗುತ್ತದೆ. ಆಗ ಈ ತಾಪತ್ರಯ ನಮ್ಮ ಜಗಲಿಗೇ ಬಂದು ಕೂರುತ್ತದೆ.

ನಾವು ಗಡಿಯವರು. ಗೌರಿಬಿದನೂರು, ಮಧುಗಿರಿ, ಪಾವಗಡದಿಂದ ಹೆಣ್ಣು ತರುತ್ತೇವೆ, ಅಲ್ಲಿಗೆ ಕೊಡುತ್ತೇವೆ. 1953ರಲ್ಲಿ ಆಂಧ್ರ ರಾಜ್ಯವಾಯಿತು, 1956ರಲ್ಲಿ ಗೆರೆಗಳನ್ನು ಮತ್ತೆ ಎಳೆದರು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಅಂತ ಆಯಿತೇ ಹೊರತು ಬೀಗರ ಮನೆಗೆ ಹೋಗಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಗಂಡ ಹೆಂಡತಿ ಒಟ್ಟಿಗೆ ಬಸ್ಸು ಹತ್ತುತ್ತಾರೆ, ಒಟ್ಟಿಗೆ ಇಳಿಯುತ್ತಾರೆ. ಇದಕ್ಕೆ ಅಷ್ಟು ಒಗ್ಗಿಹೋಗಿರುವುದರಿಂದಲೇ ಬೇರೆ ಬೇರೆ ದೇಶದ ದಂಪತಿಯ ಪಾಡು ನಮಗೆ ತಮಾಷೆಯಾಗಿ ಕಾಣುತ್ತದೆ.

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಜರ್ಮನಿಯ ಹುಡುಗನನ್ನು ಮದುವೆಯಾದಳು. ವಿಶೇಷ ವಿವಾಹ ಕಾಯ್ದೆಯಂತೆ ಮೂವತ್ತು ದಿನ ನೋಟಿಸು ಹಚ್ಚಿ, ಸಾಕ್ಷಿ ಹಾಕಿಸಿ, ಸರ್ಕಾರವೇ ಮುದ್ರೆ ಒತ್ತಿ ಇವರಿಬ್ಬರೂ ದಂಪತಿ ಅಂತ ಬರೆದುಕೊಟ್ಟಿತು. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಹೋದರೆ ಅವನ ಕೆಂಪು ಪಾಸ್‌ಪೋರ್ಟಿಗೆ ಒಂದು ಸಾಲು, ಇವಳ ನೀಲಿ ಪಾಸ್‌ಪೋರ್ಟಿಗೆ ಇನ್ನೊಂದು. ಸಾಲು ಬೇರೆಯಾದರೆ ಏನಂತೆ, ಹತ್ತು ನಿಮಿಷದಲ್ಲಿ ಮತ್ತೆ ಸೇರುತ್ತಾರೆ. ನನ್ನ ತಕರಾರು ಅದಲ್ಲ. ಹಂಪಿಯ ವಿಠ್ಠಲ ಗುಡಿಗೆ ನಮಗೆ 40 ರೂಪಾಯಿ, ವಿದೇಶಿಯರಿಗೆ 600 ಅಂದರೂ ನನಗೆ ಬೇಜಾರಿಲ್ಲ. ದುಡ್ಡಿನ ವ್ಯತ್ಯಾಸ ಕೊಟ್ಟು ಮುಗಿಸಬಹುದು.

ತಕರಾರು ಇರುವುದು ಇಲ್ಲಿ. ಅವನ ಅಕ್ಕ ಇನ್ನೊಂದು ದೇಶದಲ್ಲಿದ್ದಾಳೆ, ಹೆಸರು ಬೇಡ. ಅವಳ ಮಗುವಿನ ನಾಮಕರಣಕ್ಕೆ ಇಬ್ಬರನ್ನೂ ಕರೆದಳು. ಅವನಿಗೆ ವೀಸಾನೇ ಬೇಡ. ಇವಳಿಗೆ ಬ್ಯಾಂಕಿನ ಲೆಕ್ಕ, ಸಂಬಳದ ಚೀಟಿ, ಬಾಡಿಗೆ ಕರಾರು, ಬೆರಳಚ್ಚು, ಮೇಲೆ ವಾಪಸು ಬರುತ್ತೀನಿ ಅನ್ನುವುದಕ್ಕೆ ಪುರಾವೆ. ಅದೂ ಸಾಲದೆ ಹೆಸರಿನ ಗೋಳು. ಶಾಲೆಯ ದಾಖಲೆಯಲ್ಲಿ ತೆಲುಗರ ಪದ್ಧತಿಯಂತೆ ಮನೆತನದ ಹೆಸರು ಮೊದಲು, ಮದುವೆ ಪತ್ರದಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಅಡ್ಡಹೆಸರು. ಮೂರು ಕಾಗದದಲ್ಲಿ ಮೂವರು ಹೆಂಗಸರು! (ಮೇಷ್ಟ್ರುಗಳೇ, ದಾಖಲಾತಿ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆಯುವಾಗ ಇದನ್ನು ನೆನಪಿಟ್ಟುಕೊಳ್ಳಿ.) ವೀಸಾ ಬರುವ ಹೊತ್ತಿಗೆ ಮಗು ಮಗುಚಿಕೊಳ್ಳುತ್ತಿತ್ತು. "ಮಾಮ, ಅವರ ಕಣ್ಣಿಗೆ ನಾನು ಅವನ ಹೆಂಡತಿಯಲ್ಲ, ಅವನ ಬೆನ್ನು ಹತ್ತಿ ಬಂದವಳು" ಅಂದಳು. ಒಂದೇ ಮನೆ, ಒಂದೇ ಒಲೆ. ಒಬ್ಬರನ್ನು ನಂಬುವವರು ಇನ್ನೊಬ್ಬರನ್ನು ಯಾಕೆ ನಂಬುವುದಿಲ್ಲ?

ಬಿಳಿಯರ ಪಾಸ್‌ಪೋರ್ಟೇ ಎಲ್ಲ ಕಡೆ ದೊಡ್ಡದು ಅಂದುಕೊಳ್ಳಬೇಡಿ. ನೇಪಾಳಕ್ಕೆ ಇವಳು ಮತದಾರರ ಚೀಟಿ ಹಿಡಿದು ಹೋಗಬಹುದು, ಅವನು ಹದಿನೈದು ದಿನದ ವೀಸಾಕ್ಕೆ 30 ಡಾಲರ್ ಕಟ್ಟಬೇಕು. ಭೂತಾನದಲ್ಲಿ ರಾತ್ರಿಯೊಂದಕ್ಕೆ ಇವಳಿಗೆ 1200 ರೂಪಾಯಿ, ಅವನಿಗೆ 100 ಡಾಲರ್. ಅಂದರೆ ಎಲ್ಲ ಸರ್ಕಾರಗಳೂ ಪಾಸ್‌ಪೋರ್ಟನ್ನು ನೋಡುತ್ತವೆ, ಸಂಸಾರವನ್ನು ನೋಡುವುದಿಲ್ಲ.

"ಇಬ್ಬರೂ ಒಂದೇ ದೇಶದ ಪೌರತ್ವ ತಗೊಂಡರೆ ಮುಗೀತಲ್ಲ" ಅನ್ನುವವರಿದ್ದಾರೆ. ಮದುವೆಯಾದ ಹೆಣ್ಣಿನ ಗೋತ್ರ ಬದಲಾದ ಹಾಗೆ ದೇಶವೂ ಬದಲಾಗಲಿ ಅನ್ನುವ ವಾದ ಇದು. ಹಿಂದೆ ಕಾನೂನೂ ಹಾಗೇ ಇತ್ತು. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಅಲ್ಲಿನ ಪೌರರಾಗಲು ಅರ್ಹರಲ್ಲ ಎಂದಿತು. ಅಂಥ 'ಅರ್ಹರಲ್ಲದ' ಗಂಡನನ್ನು ಕಟ್ಟಿಕೊಂಡ ಅಮೆರಿಕದ ಹೆಣ್ಣಿಗೂ ಪೌರತ್ವ ಹೋಗುತ್ತಿತ್ತು. ನಮ್ಮ ಸ್ವಾತಂತ್ರ್ಯ ಹೋರಾಟಗಾರ ತಾರಕನಾಥ ದಾಸರ ಪತ್ನಿ ಮೇರಿ ಹುಟ್ಟಿದ ದೇಶದಲ್ಲೇ ಪರದೇಶಿಯಾದದ್ದು ಹೀಗೆ. 1931ರಲ್ಲಿ ಆ ಕಾನೂನನ್ನು ತಿದ್ದಿದರು. ಅದನ್ನೇ ಮತ್ತೆ ತರಬೇಕೇ?

ನಮ್ಮ ಹುಡುಗಿ ಜರ್ಮನ್ ಪೌರತ್ವ ತೆಗೆದುಕೊಂಡಳು ಅಂತಲೇ ಇಟ್ಟುಕೊಳ್ಳಿ. ಜರ್ಮನಿ 2024ರಿಂದ ಎರಡು ಪೌರತ್ವಕ್ಕೆ ಒಪ್ಪುತ್ತದೆ, ನಮ್ಮ 1955ರ ಕಾಯ್ದೆ ಒಪ್ಪುವುದಿಲ್ಲ. ಅಲ್ಲಿಯದು ಕೈಗೆ ಬಂದ ಗಳಿಗೆಯೇ ಇಲ್ಲಿಯದು ಹೋಯಿತು. ಓಟು ಇಲ್ಲ. ಓಸಿಐ ಕಾರ್ಡು ಮಾಡಿಸಿಕೊಂಡರೂ ಇಲ್ಲಿ ಒಂದು ಗುಂಟೆ ಹೊಲ ಕೊಳ್ಳುವಂತಿಲ್ಲ. ಅಪ್ಪನಿಂದ ಬಂದ ಜಮೀನನ್ನು ಇಟ್ಟುಕೊಳ್ಳಬಹುದು, ಪಕ್ಕದ ತುಂಡು ಮಾರಾಟಕ್ಕೆ ಬಂದರೆ ಸುಮ್ಮನೆ ನೋಡುತ್ತ ನಿಲ್ಲಬೇಕು. ಒಟ್ಟಿಗೆ ವಿಮಾನ ಹತ್ತಲಿಕ್ಕೆ ಇಷ್ಟು ಬೆಲೆ ತೆರು ಅಂತ ನಾವು ಯಾವ ಮಗಳಿಗೆ ಹೇಳುತ್ತೇವೆ? ಹೊಲಕ್ಕಾಗಿ ಅಣ್ಣ ತಮ್ಮಂದಿರೇ ಕೋರ್ಟು ಹತ್ತುವ ಊರು ನಮ್ಮದು.

ಅತ್ತ ಅವನಿಗೆ ನಮ್ಮ ಪರಿಗಿಯೇ ಪರದೇಶ. ಭಾರತದ ಪೌರನಾಗಲು ಅರ್ಜಿ ಹಾಕಬೇಕಾದರೂ ಏಳು ವರ್ಷ ಇಲ್ಲಿ ವಾಸವಿರಬೇಕು. ಓಸಿಐ ಕಾರ್ಡಿಗೆ ನೋಂದಾಯಿತ ಮದುವೆಯಾಗಿ ಎರಡು ವರ್ಷ ಕಳೆಯಬೇಕು. ಹೆಸರಿನಲ್ಲಿ ನಾಗರಿಕ ಅಂತ ಇದ್ದರೂ ಅದು ಪೌರತ್ವವಲ್ಲ, ನಾಳೆ ವಿಚ್ಛೇದನವಾದರೆ ಆ ಕಾರ್ಡನ್ನೂ ರದ್ದು ಮಾಡಬಹುದು. ಅಲ್ಲಿಯವರೆಗೆ ಅವನು ವೀಸಾದ ಮೇಲೆ ಬಂದುಹೋಗುವ ಅತಿಥಿ. ಅಳಿಯ ಹಬ್ಬಕ್ಕೆ ಬಂದು ರಾತ್ರಿ ಉಳಿದರೆ ಇಳಿಸಿಕೊಂಡ ಮನೆಯವರು ಇಪ್ಪತ್ನಾಲ್ಕು ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು. 2025ರವರೆಗೆ 'ಫಾರಂ ಸಿ' ಅನ್ನುತ್ತಿದ್ದದ್ದು ಅದನ್ನೇ. ಹೋಳಿಗೆ ಬೇಯಿಸುತ್ತಿದ್ದ ನನ್ನ ತಂಗಿ ಅಳಿಯನ ಪಾಸ್‌ಪೋರ್ಟ್ ನಂಬರು ಹುಡುಕುತ್ತ ಕೂರಬೇಕಾಯಿತು.

ಆ ಕಾರ್ಡಿನ ಬಲ ಎಷ್ಟು ಅಂತ 2020ರಲ್ಲಿ ನೋಡಿದ್ದೇವೆ. ಕೊರೋನಾ ಬಂತು, ಮಾರ್ಚ್ 13ರಿಂದ ವೀಸಾಗಳ ಜೊತೆಗೆ ಓಸಿಐ ಕಾರ್ಡಿನವರ ಪ್ರವೇಶವನ್ನೂ ತಡೆದರು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಭಾರತೀಯರನ್ನು ಕರೆತಂದವು, ಒಳ್ಳೆಯದೇ. ಆದರೆ ಗಂಡ ಭಾರತೀಯ, ಹೆಂಡತಿ ವಿದೇಶಿ ಅಂತ ಇದ್ದಲ್ಲಿ ಒಬ್ಬರಿಗೆ ಸೀಟು, ಇನ್ನೊಬ್ಬರಿಗೆ ತಡೆ. ಮೇ ಕೊನೆಯಲ್ಲಿ ಓಸಿಐನವರಲ್ಲಿ ಕೆಲವರಿಗೆ ಸಡಿಲಿಸಿದರು, ಕಾರ್ಡಿನವರೆಲ್ಲರಿಗೂ ಬಾಗಿಲು ತೆರೆದದ್ದು ಅಕ್ಟೋಬರಿನಲ್ಲಿ. ರೋಗಕ್ಕೆ ಪಾಸ್‌ಪೋರ್ಟಿನ ಬಣ್ಣ ಗೊತ್ತಿತ್ತೇ? ತಪಾಸಣೆ ಮಾಡಿ, ಹದಿನಾಲ್ಕು ದಿನ ಒಂದೇ ಕೋಣೆಯಲ್ಲಿ ಇಬ್ಬರನ್ನೂ ಕೂಡಿಹಾಕಬಹುದಿತ್ತು.

ದೇಶದ ಭದ್ರತೆ ಬೇಡವೇ ಅಂತ ಕೇಳುತ್ತೀರಿ. ಬೇಕು. ಸುಳ್ಳು ಮದುವೆ ಮಾಡಿಕೊಂಡು ಒಳಗೆ ಬರುವವರೂ ಇದ್ದಾರೆ. ಹಾಗಾದರೆ ಮದುವೆ ನಿಜವೋ ಸುಳ್ಳೋ ಅಂತ ಒಂದು ಸಲ ಸರಿಯಾಗಿ ವಿಚಾರಿಸಿ. ನಿಜ ಅಂತ ಗೊತ್ತಾದ ಮೇಲೂ ಪ್ರತಿ ಪ್ರಯಾಣಕ್ಕೆ ಹೊಸಬರ ಹಾಗೆ ನಿಲ್ಲಿಸುವುದು ಭದ್ರತೆಯಲ್ಲ, ಕಾಟ. ಯುರೋಪಿನವರು 2004ರ ನಿರ್ದೇಶನದಲ್ಲಿ ಒಂದು ದಾರಿ ಮಾಡಿಕೊಂಡಿದ್ದಾರೆ. ಅಲ್ಲಿನ ಪೌರ ಒಕ್ಕೂಟದ ಬೇರೊಂದು ದೇಶಕ್ಕೆ ಹೊರಟರೆ, ಜೊತೆಗೆ ಹೋಗುವ ಹೊರದೇಶದ ಹೆಂಡತಿಗೋ ಗಂಡನಿಗೋ ವೀಸಾವನ್ನು ಶುಲ್ಕವಿಲ್ಲದೆ, ಬೇಗ ಕೊಡಬೇಕು. ಆದರೆ ಆ ಪೌರನ ಸ್ವಂತ ದೇಶಕ್ಕೆ ಈ ನಿರ್ದೇಶನ ಅನ್ವಯಿಸುವುದಿಲ್ಲ, ಅಲ್ಲಿ ಆ ದೇಶದ ಕಾನೂನೇ ನಡೆಯುತ್ತದೆ. ಪಕ್ಕದ ಊರಿಗೆ ಒಂದು ನಿಯಮ, ಅತ್ತೆ ಮನೆಗೆ ಇನ್ನೊಂದು! ಅವರದೂ ಅರೆಬರೆಯೇ. ಆದರೂ ದಂಪತಿಯನ್ನು ಒಂದು ಘಟಕ ಅಂತ ಕಾಗದದ ಮೇಲೆ ಒಪ್ಪಿಕೊಂಡಿದ್ದಾರಲ್ಲ, ನಮ್ಮವರು ಅಷ್ಟಾದರೂ ಮಾಡಲಿ. ಎರಡು ವರ್ಷದ ಕಾಯುವಿಕೆ ತೆಗೆಯಲಿ. ಮತ್ತೊಂದು ಪಿಡುಗು ಬಂದರೆ ಪೌರರ ಜೊತೆಗೇ ಅವರ ಗಂಡನೋ ಹೆಂಡತಿಯೋ ಒಳಗೆ ಬರುವಂತೆ ಕಾನೂನಿನಲ್ಲೇ ಬರೆಯಲಿ.

ಇಷ್ಟನ್ನೂ ಸೇರಿಸಿ ಹಿಂದೂಪುರದ ಲೋಕಸಭಾ ಸದಸ್ಯರಿಗೆ ಒಂದು ಅರ್ಜಿ ಬರೆದಿದ್ದೇನೆ. ಕನ್ನಡದಲ್ಲಿ ಒಂದು ಪ್ರತಿ, ತೆಲುಗಿನಲ್ಲಿ ಒಂದು. ಎರಡೂ ವಾಚನಾಲಯದ ಮೇಜಿನ ಮೇಲಿವೆ, ಸಂಜೆ ಆರರ ಮೇಲೆ ಬಂದು ಓದಿ ಸಹಿ ಹಾಕಿ. ಮೊದಲ ಸಹಿ ನನ್ನ ತಂಗಿಯದು.