ಉದಗೀರಿನ ಕನ್ನಡ ಮಕ್ಕಳೂ ನಾಂದೇಡಿನ ಪರಿಷತ್ತೂ

ಉಮರ್ಗಾ, ನಿಲಂಗಾ, ಉದಗೀರ್ – ಈ ಊರುಗಳ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ ಅಪರಿಚಿತವಾಗಿರಬಹುದು. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಪಾಲಾದ ಅದೇ ದಿನ, ಬೀದರ್ ಜಿಲ್ಲೆಯಲ್ಲಿದ್ದ ಉದಗೀರ್, ನಿಲಂಗಾ ಮತ್ತು ಅಹಮದಪುರ ತಾಲೂಕುಗಳು ಅಂದಿನ ಮುಂಬಯಿ ರಾಜ್ಯದ ಉಸ್ಮಾನಾಬಾದ್ ಜಿಲ್ಲೆಗೆ ಸೇರಿಹೋದುವು. ಉಮರ್ಗಾ ಅದಕ್ಕೂ ಮೊದಲೇ ಆ ಜಿಲ್ಲೆಯಲ್ಲಿತ್ತು. ಒಂದೇ ದಿನ ಎರಡು ದಿಕ್ಕಿಗೆ ಹಂಚಿಹೋದ ನೆಂಟರ ಸಮಾಚಾರ ವಿಚಾರಿಸುವುದು ಅನ್ಯರ ಮನೆಯ ಪಂಚಾಯಿತಿಯಾಗದು.

ಕೆಲವು ವರ್ಷಗಳ ಹಿಂದೆ ಆ ಕಡೆ ಹೋಗಿದ್ದಾಗ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕನ್ನಡ ಕೇಳಿ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಕುಳಿತರು. ನಾವು ಮಾಸ್ತರರೆಂದು ತಿಳಿದ ಮೇಲೆ ಅವರು ಹೇಳಿದ ಮಾತು ಇಷ್ಟು: "ಏನ್ ಮಾಡೂದ್ರಿ ಗುರುಜಿ, ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಕಾಲೇಜಿಗಿ ಹೋಗೂದ್ರಾಗ ಎರಡೂ ಅರ್ಧಾ ಆಗ್ಯಾವ." ಈ ಮಾತನ್ನು ಇಲ್ಲಿನ ತಾಯಂದಿರ ಬಾಯಲ್ಲಿಯೂ ನಾವು ಕೇಳಿದ್ದೇವೆ, ಮರಾಠಿಯ ಜಾಗದಲ್ಲಿ ಮಲಯಾಳ ಎಂದಿರುತ್ತದೆ, ಅಷ್ಟೆ.

ಶಾಲೆಯ ಮಟ್ಟದಲ್ಲಿ ಭಾಷಾ ಅಲ್ಪಸಂಖ್ಯಾಕರಿಗೆ ಸಂವಿಧಾನದ ಒಂದು ಆಸರೆಯಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿಯು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಆ ಮಾತು ಪ್ರಾಥಮಿಕ ಹಂತಕ್ಕೇ ನಿಂತುಬಿಡುತ್ತದೆ. ಕಾಲೇಜಿನಲ್ಲಿ ಕನ್ನಡ ಇರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ಬೇರೆ. ನಮ್ಮವರು ಮನವಿ ಕೊಡುವಾಗ ಮುಖ್ಯಮಂತ್ರಿಗಳ ಹೆಸರಿಗೆ ಬರೆಯುತ್ತಾರೆ, ಬೆಂಗಳೂರಿನ ಗಡಿ ಪ್ರಾಧಿಕಾರಕ್ಕೆ ಬರೆಯುತ್ತಾರೆ. ತೀರ್ಮಾನವಾಗುವ ಮೇಜು ಯಾವುದೆಂದು ವಿಚಾರಿಸಿದವರು ಕಡಿಮೆ.

ಉದಗೀರ್ ಮತ್ತು ನಿಲಂಗಾ ಈಗ ಲಾತೂರ್ ಜಿಲ್ಲೆಯಲ್ಲಿವೆ. ಅಲ್ಲಿನ ಕಾಲೇಜುಗಳು 1994ರಲ್ಲಿ ಸ್ಥಾಪನೆಯಾದ ನಾಂದೇಡಿನ ಸ್ವಾಮಿ ರಾಮಾನಂದ ತೀರ್ಥ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಸೇರಿವೆ. (ಸ್ವಾಮೀಜಿಯವರು ಹುಟ್ಟಿದ್ದು ನಮ್ಮ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ ಎಂಬುದನ್ನು ಎಷ್ಟು ಮಂದಿ ನೆನಪಿಟ್ಟಿದ್ದಾರೋ ಕಾಣೆವು.) ಉಮರ್ಗಾ ಮಾತ್ರ ಈಗ ಛತ್ರಪತಿ ಸಂಭಾಜಿನಗರವೆನಿಸಿದ ಔರಂಗಾಬಾದಿನ, 1958ರ ವಿಶ್ವವಿದ್ಯಾಲಯಕ್ಕೆ ಸೇರಿದೆ. ಉಮರ್ಗಾಕ್ಕೆ ಕಲಬುರಗಿ ಹತ್ತಿರ, ಉದಗೀರಿಗೆ ಬೀದರ್ ಹತ್ತಿರ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ, ಬೀದರಿಗೂ 2023ರಲ್ಲಿ ಬಂದಿದೆ. ಆದರೆ ಗಡಿಗೆರೆಯನ್ನು ದಾಟಿ ಆ ಕಾಲೇಜುಗಳನ್ನು ಸೇರಿಸಿಕೊಳ್ಳುವ ಅಧಿಕಾರ ಅವಕ್ಕಿಲ್ಲ.

ಈ ವಿಶ್ವವಿದ್ಯಾಲಯಗಳು ನಡೆಯುವುದು 2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯಿದೆಯಂತೆ. ನಮ್ಮಲ್ಲಿ ಸಿಂಡಿಕೇಟ್ ಎಂದು ಕರೆಯುವ ಸಭೆಗೆ ಅಲ್ಲಿ ವ್ಯವಸ್ಥಾಪನ ಪರಿಷತ್ತು ಎಂದು ಹೆಸರು. ನೀತಿಯನ್ನು ರೂಪಿಸುವ ಮುಖ್ಯ ಅಧಿಕಾರ ಅದರದ್ದೇ. ಉಪಕುಲಪತಿಗಳೇ ಅದರ ಅಧ್ಯಕ್ಷರು. ಪಾಠಪಟ್ಟಿಯ ವಿಚಾರ ವಿದ್ಯಾ ಪರಿಷತ್ತಿಗೆ, ಆಯವ್ಯಯದ ವಿಚಾರ ಸೆನೆಟಿಗೆ. ತುರ್ತು ಸಂದರ್ಭವೆಂದು ಕಂಡರೆ ಉಪಕುಲಪತಿಗಳು ಮೊದಲು ಕ್ರಮ ಕೈಗೊಂಡು ಆಮೇಲೆ ಸಭೆಗೆ ವರದಿ ಮಾಡಬಹುದು. ಹೀಗಾಗಿ ಸಭೆಯ ಮುಂದೆ ಬರುವ ಹೊತ್ತಿಗೆ ಕೆಲವು ವಿಷಯಗಳು ಮುಗಿದ ಕಥೆಯಾಗಿರುವುದುಂಟು. ಇದು ಮಹಾರಾಷ್ಟ್ರದ್ದೇ ಆದ ರೋಗವೇನಲ್ಲ.

ಆದರೆ ನಿಜವಾದ ಗಂಟು ಇರುವುದು ಬೇರೆ ಕಡೆ. ಐದು ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯವು ತನ್ನ ವ್ಯಾಪ್ತಿಯ ಜಿಲ್ಲೆಗಳಿಗೆ ಒಂದು ದೂರದೃಷ್ಟಿ ಯೋಜನೆ ತಯಾರಿಸಬೇಕು. ಯಾವ ತಾಲೂಕಿಗೆ ಯಾವ ಕಾಲೇಜು ಬೇಕು, ಯಾವ ಶಿಕ್ಷಣ ಬೇಕು ಎಂಬುದೆಲ್ಲ ಅದರಲ್ಲಿ ನಮೂದಾಗಬೇಕು. ಡೀನರ ಮಂಡಳಿ ಬರೆದುದು ವಿದ್ಯಾ ಪರಿಷತ್ತು, ವ್ಯವಸ್ಥಾಪನ ಪರಿಷತ್ತು, ಸೆನೆಟ್ ಇವುಗಳನ್ನು ದಾಟಿ ಹೋಗುತ್ತದೆ. ಆ ಯೋಜನೆಗೆ ಹೊಂದದ ಹೊಸ ಕಾಲೇಜಿನ ಅರ್ಜಿಯನ್ನು ಪರಿಗಣಿಸಲೇ ಕೂಡದೆಂದು ಕಾಯಿದೆ ಹೇಳುತ್ತದೆ. 2024ರಿಂದ 2029ರವರೆಗಿನ ಯೋಜನೆ ಈಗ ಜಾರಿಯಲ್ಲಿದೆ. ಗಡಿ ತಾಲೂಕುಗಳ ಕನ್ನಡದ ಅಗತ್ಯವನ್ನು ಒಂದು ವಾಕ್ಯದಲ್ಲಾದರೂ ಅಂಥ ಯೋಜನೆಯೊಳಗೆ ಬರೆಯಿಸದಿದ್ದರೆ, ಮುಂದೆ ಎಂಥ ಮಂತ್ರಿ ಭರವಸೆ ಕೊಟ್ಟರೂ ಕಡತ ಮೇಲೇಳುವುದು ಕಷ್ಟ.

ಇನ್ನೊಂದು ತೊಡಕು ಅಧ್ಯಯನ ಮಂಡಳಿಯದು. ಅದರಲ್ಲಿ ಕಾಲೇಜು ವಿಭಾಗಗಳ ಮುಖ್ಯಸ್ಥರಿಗೆ ಸ್ಥಾನವಿದೆ. ಕನ್ನಡ ವಿಭಾಗಗಳಿಲ್ಲದೆ ಮಂಡಳಿ ಕೂಡುವುದು ಹೇಗೆ? ಮಂಡಳಿಯಿಲ್ಲದೆ ಪಾಠಪಟ್ಟಿ ಯಾರು ಬರೆಯಬೇಕು? ಪಾಠಪಟ್ಟಿಯಿಲ್ಲದೆ ಯಾವ ಕಾಲೇಜು ವಿಭಾಗ ತೆರೆದೀತು? ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎಂಬ ಗಾದೆಯಂತಾಯಿತು. ಆದರೂ ದಾರಿಯಿಲ್ಲವೆಂದಲ್ಲ. ಅದೇ ಮಹಾರಾಷ್ಟ್ರದ ಮುಂಬಯಿ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗ ನಡೆದುಬಂದಿದೆ. ಸೊಲ್ಲಾಪುರದಲ್ಲಿಯೂ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಾರೆ. ಅವರ ಪಾಠಪಟ್ಟಿಯನ್ನು ನೋಡಿ ಅಳವಡಿಸಿಕೊಳ್ಳಲು ನಾಂದೇಡಿಗೆ ಯಾವ ಅಡ್ಡಿಯೂ ಇರಬಾರದು. ಹೊಸ ಶಿಕ್ಷಣ ನೀತಿ 2024-25ರಿಂದ ಅಲ್ಲಿನ ಸಂಯೋಜಿತ ಕಾಲೇಜುಗಳಿಗೂ ಬಂದಿದೆ. ಪದವಿಯ ಮಕ್ಕಳು ಒಂದು ಆಧುನಿಕ ಭಾರತೀಯ ಭಾಷೆಯನ್ನು ಓದಬೇಕೆಂದು ಆ ಪದ್ಧತಿಯಲ್ಲಿದೆ. ಆ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಮರಾಠಿ ಬಂಧುಗಳಿಗೆ ಒಂದು ಮಾತು ಹೇಳಬೇಕಾಗಿದೆ. 1918ರಲ್ಲಿ ಹೈದರಾಬಾದಿನ ನಿಜಾಮರು ಉಸ್ಮಾನಿಯಾ ವಿಶ್ವವಿದ್ಯಾಲಯವನ್ನು ತೆರೆದು ಉರ್ದುವನ್ನೇ ಬೋಧನ ಮಾಧ್ಯಮವೆಂದು ಗೊತ್ತುಮಾಡಿದಾಗ, ಮರಾಠವಾಡದವರನ್ನಾಗಲಿ ಬೀದರಿನವರನ್ನಾಗಲಿ ಯಾರೂ ಕೇಳಲಿಲ್ಲ. ಮೇಲಿನಿಂದ ಇಳಿದು ಬರುವ ಭಾಷಾನೀತಿಯ ರುಚಿ ಹೇಗಿರುತ್ತದೆಂದು ಅವರಿಗೂ ಚೆನ್ನಾಗಿ ಗೊತ್ತು.

ಹಾಗೆಂದು ಸಭೆಯ ಠರಾವಿನಿಂದಲೇ ಎಲ್ಲವೂ ಆಗುತ್ತದೆಂದೂ ನಾವು ನಂಬುವುದಿಲ್ಲ. ಮರಾಠವಾಡ ವಿಶ್ವವಿದ್ಯಾಲಯಕ್ಕೆ ಡಾ. ಅಂಬೇಡ್ಕರರ ಹೆಸರಿಡುವ ಠರಾವನ್ನು ಮಹಾರಾಷ್ಟ್ರ ವಿಧಾನಮಂಡಲ 1978ರ ಜುಲೈ 27ರಂದು ಅಂಗೀಕರಿಸಿತು. ಅದರ ಬೆನ್ನಿಗೇ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಪ್ರಾಣಗಳು ಹೋದುವು. ಹೆಸರು ಜಾರಿಗೆ ಬಂದದ್ದು 1994ರ ಜನವರಿ 14ರಂದು. ಹದಿನಾರು ವರ್ಷ ಆ ಬೇಡಿಕೆಯನ್ನು ಬಿಡದೆ ಹಿಡಿದವರು ಬಡವರು, ಓದಿದ ಮೊದಲ ತಲೆಮಾರಿನವರು. ಅವರ ಹಟದ ನೂರರಲ್ಲೊಂದು ಪಾಲು ನಮ್ಮವರಲ್ಲಿ ಇದೆಯೇ ಎಂದು ಕೇಳಿಕೊಳ್ಳಲು ನಮಗೆ ಸಂಕೋಚವಾಗುತ್ತದೆ.

ಏಕೆಂದರೆ ತೆರೆದ ಬಾಗಿಲೊಂದು ಇದ್ದೇ ಇದೆ. ಮಹಾರಾಷ್ಟ್ರದ ಸೆನೆಟಿಗೆ ನೋಂದಾಯಿತ ಪದವೀಧರರು 10 ಮಂದಿ ಪ್ರತಿನಿಧಿಗಳನ್ನು ಆರಿಸುತ್ತಾರೆ. ವ್ಯವಸ್ಥಾಪನ ಪರಿಷತ್ತಿನಲ್ಲಿಯೂ ಪದವೀಧರರಿಗೆ ಸ್ಥಾನವಿದೆ. ಪದವಿ ಪಡೆದ ಮಾತ್ರಕ್ಕೆ ಮತ ಬರುವುದಿಲ್ಲ, ಹೆಸರು ನೋಂದಾಯಿಸಬೇಕು. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಆ ಹಿರಿಯರ ಮಗ ಬಿ.ಎ. ಮಾಡಿದವರು. ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಕೇಳಿದಾಗ "ಅದ್ಯಾವ ಪಟ್ಟಿರಿ?" ಎಂದು ನಮ್ಮನ್ನೇ ಕೇಳಿದರು.

ಇಲ್ಲಿಯೂ ಅದೇ ಕಥೆ. ಕೇರಳ, ಕಲ್ಲಿಕೋಟೆ, ಈಗ ಕಣ್ಣೂರು ಎಂದು ನಮ್ಮ ಮಕ್ಕಳ ವಿಶ್ವವಿದ್ಯಾಲಯ ಬದಲಾಗುತ್ತ ಬಂತು. ಯಾವ ಸಭೆಯಲ್ಲಿ ನಮ್ಮ ಪರವಾಗಿ ಯಾರು ಮಾತನಾಡಿದರೆಂದು ನಾವು ಲೆಕ್ಕವಿಟ್ಟದ್ದು ಕಡಿಮೆ.

ಸೆನೆಟಿನ ಅವಧಿ 5 ವರ್ಷ, ಯೋಜನೆಯ ಅವಧಿಯೂ 5 ವರ್ಷ. ಮುಂದಿನ ಯೋಜನೆಯ ಕರಡು 2029ಕ್ಕೆ ಮೊದಲೇ ಡೀನರ ಮೇಜಿನ ಮೇಲಿರುತ್ತದೆ. ಉದಗೀರ್, ನಿಲಂಗಾ, ಉಮರ್ಗಾಗಳಲ್ಲಿ ಬಂಧುಬಳಗ ಇರುವ ಓದುಗರು ಈ ಬರಹವನ್ನು ಕತ್ತರಿಸಿ ಅಂಚೆಯಲ್ಲಿ ಕಳುಹಿಸಲಿ. ಆ ಮನೆಯಲ್ಲಿ ಪದವೀಧರರು ಎಷ್ಟು ಮಂದಿ, ಅವರಲ್ಲಿ ಹೆಸರು ನೋಂದಾಯಿಸಿದವರು ಎಷ್ಟು ಮಂದಿ ಎಂದು ಮರುಟಪಾಲಿಗೆ ಬರೆಯಲು ಹೇಳಲಿ.